ಹೂವಿಗೊಂದು ಹಿನ್ನೆಲೆ

ಹೂವು ನಮ್ಮ ಮನೆಗಳಿಗೆ ಹೊಸ ವಸ್ತುವೇನಲ್ಲ. ಬೆಳಗಿನ ಪೂಜೆಗೆ, ಹೆಣ್ಣುಮಕ್ಕಳ ಮುಡಿಗೆ, ಮದುವೆಯ ಚಪ್ಪರಕ್ಕೆ, ಹಿರಿಯರ ಗದ್ದುಗೆಗೆ ಹೂವು ಬೇಕೇ ಬೇಕು. ಆದರೆ ಬಿಡಿಸುವುದು, ಕಟ್ಟುವುದು, ಏರಿಸುವುದು, ಮರುದಿನ ನಿರ್ಮಾಲ್ಯವೆಂದು ತೆಗೆಯುವುದು, ಇಷ್ಟರಲ್ಲಿಯೇ ಹೂವಿನೊಡನೆ ನಮ್ಮ ಸಂಬಂಧ ಮುಗಿದುಹೋಗುತ್ತದೆ. ಗಿಡದ ಮೇಲಿರುವ ಹೂವನ್ನು ಅದರ ಎತ್ತರಕ್ಕೇ ಬಗ್ಗಿ, ಗೇಣುದ್ದ ದೂರದಿಂದ, ಒಂದೆರಡು ನಿಮಿಷ ಸುಮ್ಮನೆ ನೋಡುವವರು ವಿರಳ. ಹಾಗೆ ನೋಡುವ ಅಭ್ಯಾಸವನ್ನು ನಮಗೆ ಕಲಿಸಿಕೊಟ್ಟದ್ದು ಛಾಯಾಗ್ರಹಣ.

ನಾವು ದಂಪತಿಗಳು ವೃತ್ತಿಯಿಂದ ಛಾಯಾಗ್ರಾಹಕರಲ್ಲ. ಉದ್ಯೋಗದಿಂದ ನಿವೃತ್ತರಾದ ಮೇಲೆ ಒಂದು ಸಾಧಾರಣ ಕ್ಯಾಮೆರಾ, ಒಂದು ಮೊಬೈಲು, ಒಂದು ಕೊಡೆ, ಒಂದು ಬಿಳಿಯ ಪಂಚೆ ಇಷ್ಟನ್ನು ಚೀಲದಲ್ಲಿರಿಸಿಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಹೊಲದ ಬದುಗಳಲ್ಲಿ, ಕಾಲುವೆಯ ಏರಿಗಳ ಮೇಲೆ ಓಡಾಡುತ್ತಿದ್ದೇವೆ. ಹೂವಿನ ಸಮೀಪಚಿತ್ರವನ್ನು ತೆಗೆಯುವಾಗ ಹಿನ್ನೆಲೆಯನ್ನು ಆರಿಸುವುದು ಹೇಗೆ, ಚೌಕಟ್ಟಿನೊಳಗೆ ಹೂವನ್ನು ಕೂರಿಸುವುದು ಹೇಗೆ ಎಂಬುದರ ಬಗೆಗೆ ನಮಗೆ ತಿಳಿದುಬಂದ ನಾಲ್ಕು ಮಾತುಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬುದು ಈ ಲೇಖನದ ಉದ್ದೇಶ. ಇದು ಕೇವಲ ಹವ್ಯಾಸದ ಮಾತಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಇದರ ಹಿಂದೆ ನಮ್ಮ ಮನೆಯ ಒಂದು ಕಾರಣವಿದೆ.

ನಮ್ಮ ತಾಯಿಯವರಿಗೆ ಈಗ ಎಂಬತ್ತನಾಲ್ಕು ವರ್ಷ. ಮದುವೆಯಾಗಿ ಬಂದಂದಿನಿಂದ ಅರವತ್ತು ವರ್ಷಗಳಿಗೂ ಮಿಕ್ಕಿ ದಿನವೂ ನಸುಕಿನಲ್ಲಿ ಪೂಜೆಯ ಹೂವನ್ನು ತಾವೇ ತಂದವರು. ತುಂಬೆ ಯಾವ ಬದುವಿನಲ್ಲಿದೆ, ಬಿಳಿ ಎಕ್ಕ ಯಾವ ಹಳ್ಳದ ದಂಡೆಯಲ್ಲಿದೆ, ಕಣಗಿಲೆ ಯಾರ ಹಿತ್ತಿಲಲ್ಲಿದೆ ಎಂಬುದೆಲ್ಲ ಅವರಿಗೆ ಕಂಠಪಾಠ. ಕೆಲವು ವರ್ಷಗಳ ಹಿಂದೆ ಅವರ ಎರಡೂ ಕಣ್ಣುಗಳಲ್ಲಿ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಕಾಣಿಸಿಕೊಂಡಿತು. ವಯಸ್ಸಾದವರಿಗೆ ಬರುವ ಈ ಕಾಯಿಲೆಯಲ್ಲಿ ಅಂಚಿನ ನೋಟ ಉಳಿದಿರುತ್ತದೆ, ನೇರವಾಗಿ ನೋಡಿದ್ದು ಮಾತ್ರ ಮಸುಕಾಗುತ್ತದೆ. ಬಾಗಿಲು, ಗೋಡೆ, ನಡೆದುಬರುವ ಮನುಷ್ಯ ಕಾಣುತ್ತಾರೆ. ಆ ಮನುಷ್ಯನ ಮುಖ ಕಾಣುವುದಿಲ್ಲ. ಹೋದ ದೃಷ್ಟಿ ಹಿಂದಿರುಗುವುದಿಲ್ಲವೆಂದು ವೈದ್ಯರು ತಿಳಿಸಿದರು. ದೊಡ್ಡ ಅಳತೆ, ಒಳ್ಳೆಯ ಬೆಳಕು, ವಸ್ತುವಿಗೂ ಅದರ ಹಿಂದಿರುವುದಕ್ಕೂ ಎದ್ದುಕಾಣುವ ವ್ಯತ್ಯಾಸ, ಈ ಮೂರನ್ನು ಒದಗಿಸಿದರೆ ಉಳಿದಿರುವ ದೃಷ್ಟಿಯನ್ನು ಚೆನ್ನಾಗಿ ಬಳಸಿಕೊಳ್ಳಬಹುದು ಎಂದೂ ಹೇಳಿದರು.

ಹೊಲಕ್ಕೆ ಹೋಗಲಾರದ ತಾಯಿಗೆ ಹೊಲದ ಹೂಗಳನ್ನು ಮನೆಗೆ ತಂದು ತೋರಿಸಬೇಕೆಂಬ ಆಸೆಯಿಂದ ನಮ್ಮ ಚಿತ್ರಗಳಿಗೆ ಒಂದು ಗುರಿ ಬಂತು. ಒಂದೇ ಹೂವನ್ನು ಎರಡು ಮೂರು ಬಗೆಯ ಹಿನ್ನೆಲೆಯಲ್ಲಿ ತೆಗೆದು, ಎಂಟು ಅಂಗುಲಕ್ಕೆ ಹನ್ನೆರಡು ಅಂಗುಲದ ಅಳತೆಯಲ್ಲಿ, ಹೊಳಪಿಲ್ಲದ ಕಾಗದದ ಮೇಲೆ ಅಚ್ಚುಹಾಕಿಸಿ ಅವರ ಕೈಗೆ ಕೊಡುವುದು ನಮ್ಮ ಕ್ರಮವಾಯಿತು. ಹೊಳಪಿನ ಕಾಗದದಲ್ಲಿ ಕಿಟಕಿಯ ಬೆಳಕು ಪ್ರತಿಫಲಿಸಿ ಕಣ್ಣಿಗೆ ಚುಚ್ಚುತ್ತದೆ. ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತು, ಕತ್ತನ್ನು ಸ್ವಲ್ಪ ಓರೆಮಾಡಿ, ಅಂಚಿನ ನೋಟದಿಂದ ಅವರು ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದರು. ತುಂಬೆಯ ಎರಡು ಚಿತ್ರಗಳಲ್ಲಿ ಒಂದನ್ನು ಕೈಗೆತ್ತಿಕೊಂಡು ಅವರು ಹೇಳಿದ ಮಾತು ಇದು: “ಹೂವ ಎಲ್ಲೈತೆ ಮಗ? ಬರೀ ಹಸುರು ಕಾಣ್ತದೆ.” ಮತ್ತೊಂದನ್ನು ನೋಡಿದೊಡನೆಯೇ “ತುಂಬೆ” ಎಂದರು. ಗಿಡವೊಂದೇ, ಹೂವೊಂದೇ, ಬೆಳಗೂ ಒಂದೇ. ಮೊದಲನೆಯದರಲ್ಲಿ ಹೂವಿನ ಹಿಂದೆ ಹುಲ್ಲು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಎರಡನೆಯದರಲ್ಲಿ ಹಿಂದೆ ಹೊಂಗೆಮರದ ನೆರಳಿತ್ತು. ಹಿನ್ನೆಲೆಯೆಂಬುದು ಅಲಂಕಾರದ ಮಾತಲ್ಲ, ಹೂವು ಕಾಣುವುದೋ ಕಾಣದೋ ಎಂಬುದನ್ನೇ ಅದು ನಿರ್ಧರಿಸುತ್ತದೆ ಎಂಬುದು ಅಂದು ನಮಗೆ ಮನದಟ್ಟಾಯಿತು.

ಕಣ್ಣು ಬಿಡುವುದನ್ನು ಕ್ಯಾಮೆರಾ ಬಿಡದು

ನಮ್ಮ ಕಣ್ಣು ಒಂದು ಹೂವಿನ ಮೇಲೆ ನೆಟ್ಟಾಗ ಅದರ ಹಿಂದಿನ ಕಡ್ಡಿ, ಕಸ, ತಂತಿಬೇಲಿ, ದಾರಿಯಲ್ಲಿ ಹೋಗುವ ಲಾರಿ ಯಾವುದೂ ನಮಗೆ ತೋರುವುದಿಲ್ಲ. ಮನಸ್ಸು ಅವನ್ನೆಲ್ಲ ಬದಿಗೊತ್ತುತ್ತದೆ. ಕ್ಯಾಮೆರಾಕ್ಕೆ ಮನಸ್ಸಿಲ್ಲ. ಅದರ ಮುಂದಿರುವುದೆಲ್ಲವೂ ಚೌಕಟ್ಟಿನೊಳಗೆ ಬಂದು ಕೂರುತ್ತದೆ. ಆದುದರಿಂದ ಗುಂಡಿ ಒತ್ತುವ ಮೊದಲು ಹೂವನ್ನು ಮರೆತು, ಚೌಕಟ್ಟಿನ ನಾಲ್ಕು ಅಂಚುಗಳನ್ನೂ ನಾಲ್ಕು ಮೂಲೆಗಳನ್ನೂ ಒಮ್ಮೆ ಸುತ್ತಿ ನೋಡಬೇಕು. ಅಲ್ಲಿ ಬಿಳಿಯ ಚುಕ್ಕೆಯೊಂದಿದ್ದರೆ ನೋಡುವವನ ಕಣ್ಣು ಹೂವನ್ನು ಬಿಟ್ಟು ಅದರ ಕಡೆಗೇ ಓಡುತ್ತದೆ. ಹೂವಿನ ಬೆನ್ನಿಗೆ ಕಂಬವೋ ದಿಗಂತದ ಗೆರೆಯೋ ತಾಗಿದ್ದರೆ ಹೂವು ಅದಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಇವನ್ನು ಸರಿಪಡಿಸಲು ಹೆಚ್ಚಿನ ಶ್ರಮವೇನೂ ಬೇಡ. ಸಮೀಪಚಿತ್ರದಲ್ಲಿ ಕ್ಯಾಮೆರಾವನ್ನು ನಾಲ್ಕು ಬೆರಳಿನಷ್ಟು ಬಲಕ್ಕೋ ಎಡಕ್ಕೋ ಕೆಳಕ್ಕೋ ಸರಿಸಿದರೆ ಹೂವು ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ, ಹಿನ್ನೆಲೆ ಮಾತ್ರ ಪೂರ್ತಿ ಬದಲಾಗುತ್ತದೆ. ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ಇರುವ ಅಂತರದ ಫಲವಿದು.

ಎರಡನೆಯ ಉಪಾಯವೆಂದರೆ ಹಿನ್ನೆಲೆಯನ್ನು ದೂರವಿರಿಸುವುದು. ಹೂವಿನ ಹಿಂದೆಯೇ ಅಂಗೈಯಷ್ಟು ದೂರದಲ್ಲಿ ಎಲೆಗಳಿದ್ದರೆ ಅವುಗಳ ನರಗಳು ಸಹ ಎದ್ದುಕಾಣುತ್ತವೆ. ಅದೇ ಎಲೆಗಳು ಹತ್ತು ಅಡಿ ಹಿಂದಿದ್ದರೆ ಅವು ಕರಗಿ ಒಂದೇ ಹಸುರಿನ ತೆರೆಯಾಗುತ್ತವೆ. ಆದುದರಿಂದ ಪೊದೆಯ ನಡುವಿನ ಹೂವಿಗಿಂತ ಪೊದೆಯ ತುದಿಯಲ್ಲಿ, ಬಯಲಿಗೆ ಮುಖಮಾಡಿ ನಿಂತ ಹೂವನ್ನು ಆರಿಸಿಕೊಳ್ಳುವುದು ಜಾಣತನ. ಏರಿಯ ಮೇಲಿನ ಗಿಡವನ್ನು ಏರಿಯ ಕೆಳಗೆ ಕುಳಿತು ತೆಗೆದರೆ ಹಿಂದೆ ಆಕಾಶ ಬರುತ್ತದೆ. ಏರಿಯ ಮೇಲಿಂದ ತೆಗೆದರೆ ದೂರದ ಗದ್ದೆ ಬರುತ್ತದೆ.

ಮೂರನೆಯದು ಲೆನ್ಸಿನ ಬಾಯಿ, ಅರ್ಥಾತ್ ಅಪರ್ಚರ್. ಎಫ್/2.8 ಅಥವಾ ಎಫ್/4 ಎಂದು ಬಾಯಿಯನ್ನು ಅಗಲವಾಗಿ ತೆರೆದರೆ ಹಿನ್ನೆಲೆ ಹೆಚ್ಚು ಕರಗುತ್ತದೆ, ಆದರೆ ಹೂವಿನ ಎಸಳುಗಳೂ ಅರ್ಧ ಕರಗಿಹೋಗುವ ಅಪಾಯವಿದೆ. ಎಫ್/11, ಎಫ್/16 ಎಂದು ಕಿರಿದುಮಾಡಿದರೆ ಹೂವಿನ ಹೆಚ್ಚಿನ ಭಾಗ ಸ್ಪಷ್ಟವಾಗುತ್ತದೆ, ಹಿನ್ನೆಲೆಯ ಕಸವೂ ಸ್ಪಷ್ಟವಾಗುತ್ತದೆ. ಹತ್ತಿರ ಹೋದಷ್ಟೂ ಈ ಇಕ್ಕಟ್ಟು ಹೆಚ್ಚು. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಕ್ಯಾಮೆರಾದಲ್ಲಿ ಹೂವು ತನ್ನ ನಿಜಗಾತ್ರದಲ್ಲಿಯೇ ಮೂಡುವಷ್ಟು ಸಮೀಪ ಹೋದರೆ, ಎಫ್/8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ನಿಜಗಾತ್ರದ ಕಾಲುಭಾಗಕ್ಕೆ ಇಳಿಸಿದರೆ ಅದು ಸುಮಾರು 1 ಸೆಂಟಿಮೀಟರ್‌ವರೆಗೆ ಹೆಚ್ಚುತ್ತದೆ. ಆದ್ದರಿಂದ ಕ್ಯಾಮೆರಾದ ಮುಖವನ್ನು ಹೂವಿನ ಮುಖ್ಯ ಭಾಗಕ್ಕೆ ಸಮಾನಾಂತರವಾಗಿ ಹಿಡಿದು, ಇರುವ ಅಲ್ಪ ಆಳವನ್ನೇ ಪೂರ್ತಿ ಬಳಸಿಕೊಳ್ಳಬೇಕು.

ಲೆನ್ಸಿನ ಉದ್ದವೂ ಗಮನಾರ್ಹ. 50 ಮಿಲಿಮೀಟರ್ ಲೆನ್ಸಿನ ನೋಟ ಮೂಲೆಯಿಂದ ಮೂಲೆಗೆ ಸುಮಾರು 46 ಡಿಗ್ರಿ ಅಗಲ, 100 ಮಿಲಿಮೀಟರಿನದು ಸುಮಾರು 24 ಡಿಗ್ರಿ. ಹೂವು ಒಂದೇ ಅಳತೆಯಲ್ಲಿ ಬಂದರೂ ಉದ್ದನೆಯ ಲೆನ್ಸಿನಲ್ಲಿ ಹಿನ್ನೆಲೆಯ ಸಣ್ಣ ತುಣುಕು ಮಾತ್ರ ಒಳಬರುತ್ತದೆ. ಆ ತುಣುಕನ್ನು ಆರಿಸುವುದು ಸುಲಭ. ಮೊಬೈಲಿನಲ್ಲಿ ಇದಕ್ಕೆ ವಿರುದ್ಧ. ಅನೇಕ ಮೊಬೈಲುಗಳು ತೀರ ಹತ್ತಿರ ಹೋದಾಗ ಅಗಲ ನೋಟದ ಲೆನ್ಸಿಗೆ ತಾವಾಗಿಯೇ ಬದಲಾಗಿ, ಇಡೀ ಹೊಲವನ್ನೇ ಹೂವಿನ ಹಿಂದೆ ತಂದು ನಿಲ್ಲಿಸುತ್ತವೆ. ಸ್ವಲ್ಪ ಹಿಂದೆ ಸರಿದು ಎರಡು ಪಟ್ಟೋ ಮೂರು ಪಟ್ಟೋ ಹಿಗ್ಗಿಸಿ ತೆಗೆಯುವುದು ಲೇಸು. ಹಿನ್ನೆಲೆಯನ್ನು ತಾನೇ ಮಸುಕುಮಾಡುವ ಮೊಬೈಲಿನ ಸೌಕರ್ಯವು ಮನುಷ್ಯರ ಮುಖಕ್ಕೆ ಹೊಂದೀತು. ತುಂಬೆಯ ಸಣ್ಣ ತುಟಿಗಳನ್ನೂ ಎಕ್ಕದ ಮೊಗ್ಗಿನ ತೊಟ್ಟನ್ನೂ ಅದು ಅನೇಕ ವೇಳೆ ಹಿನ್ನೆಲೆಯೆಂದೇ ಬಗೆದು ಅಳಿಸಿಬಿಡುತ್ತದೆ.

ಬೆಳಕೇ ಹಿನ್ನೆಲೆ

ಬಿಸಿಲಿನಲ್ಲಿರುವ ಹೂವಿನ ಹಿಂದೆ ನೆರಳಿದ್ದರೆ, ಹೂವಿಗೆ ಹೊಂದುವ ಬೆಳಕನ್ನು ಕ್ಯಾಮೆರಾ ತೆಗೆದುಕೊಂಡಾಗ ನೆರಳು ಕಪ್ಪಾಗಿ ಮೂಡುತ್ತದೆ. ಪ್ರಕೃತಿಯೇ ಕಪ್ಪು ಪರದೆ ಕಟ್ಟಿಕೊಟ್ಟಂತೆ! ತೋಪಿನ ಅಂಚಿನಲ್ಲಿ ಬೆಳಗಿನ ಎಂಟು ಗಂಟೆಯ ಮೊದಲು ಇಂತಹ ಅವಕಾಶಗಳು ಹೇರಳ. ಮರದ ನೆರಳಿಲ್ಲದ ಕಡೆ ನಮ್ಮಲ್ಲೊಬ್ಬರು ಗಿಡದ ಹಿಂದೆ ಕೊಡೆ ಹಿಡಿದು ನೆರಳನ್ನು ಮಾಡುತ್ತೇವೆ. ನೆತ್ತಿಯ ಬಿಸಿಲಿನಲ್ಲಾದರೆ ಬಿಳಿಯ ಪಂಚೆಯನ್ನು ಹೂವಿನ ಮೇಲೆ ಚಪ್ಪರದಂತೆ ಹಿಡಿದರೆ ಬೆಳಕು ಸೋಸಿ ಮೃದುವಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಕ್ಯಾಮೆರಾ ತನ್ನ ಲೆಕ್ಕಾಚಾರದಲ್ಲಿ ಎಲ್ಲವನ್ನೂ ನಡುಬೂದಿಯ ಬಣ್ಣಕ್ಕೆ ತರಲು ಯತ್ನಿಸುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ಸಣ್ಣ ಬಿಳಿಯ ಹೂವಿದ್ದರೆ ಕಪ್ಪನ್ನು ಬೆಳಗಿಸಲು ಹೋಗಿ ಹೂವನ್ನು ಸುಣ್ಣದ ಮುದ್ದೆಯಾಗಿಸುತ್ತದೆ. ಅಂಥ ವೇಳೆ ಬೆಳಕಿನ ಪ್ರಮಾಣವನ್ನು ಒಂದು ಮೆಟ್ಟಿಲು ಕಡಿಮೆಮಾಡಬೇಕು. ಬಿಳಿಯ ಹೂವೇ ಚೌಕಟ್ಟನ್ನು ತುಂಬಿಕೊಂಡಿದ್ದರೆ ಅದನ್ನು ಮಂಕುಮಾಡುತ್ತದೆ. ಆಗ ಒಂದು ಮೆಟ್ಟಿಲು ಹೆಚ್ಚಿಸಬೇಕು. ಬಿಳಿಯ ಹೂಗಳೇ ಹೆಚ್ಚಾಗಿರುವ ನಮ್ಮ ಪೂಜೆಯ ಬುಟ್ಟಿಗೆ ಈ ಎರಡು ಸೂತ್ರಗಳು ಬಹಳ ಉಪಯುಕ್ತ.

ಸಸ್ಯಗಳನ್ನು ನಿರಾಡಂಬರವಾದ ಹಿನ್ನೆಲೆಯಲ್ಲಿ ತೋರಿಸಿದವರಲ್ಲಿ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಪ್ರಸಿದ್ಧರು. ಬರ್ಲಿನ್ನಿನ ಕಲಾಶಾಲೆಯ ಅಧ್ಯಾಪಕರಾಗಿದ್ದ ಅವರು ವಿದ್ಯಾರ್ಥಿಗಳಿಗೆ ಮಾದರಿಯಾಗಲೆಂದು ತಾವೇ ಮಾಡಿಕೊಂಡ ಕ್ಯಾಮೆರಾಗಳಿಂದ ಮೊಗ್ಗು, ಕುಡಿ, ಬೀಜಕೋಶಗಳನ್ನು ಬೂದು ಅಥವಾ ಬಿಳಿಯ ರಟ್ಟಿನ ಮುಂದಿರಿಸಿ ದಶಕಗಳ ಕಾಲ ಚಿತ್ರಿಸಿದರು. 1928ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದಾಗ, ಸಾಮಾನ್ಯ ಕಳೆಗಿಡವೂ ದೇವಾಲಯದ ಕಂಬದಂತೆ ಕಾಣುತ್ತದೆಂದು ಜನ ಬೆರಗಾದರು. ನಮ್ಮ ನಾಡಿನಲ್ಲಿಯೂ ನಿಸರ್ಗ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯಿದೆ. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಮುಂತಾದವರು ವನ್ಯಜೀವಿಗಳನ್ನೂ ಹಕ್ಕಿಗಳನ್ನೂ ಚಿತ್ರಿಸಿ ಹೆಸರಾದವರು. ಹಕ್ಕಿ ಹಾರಿಹೋಗುತ್ತದೆ, ಹೂವು ಕಾಯುತ್ತದೆ. ಹೊಸಬರಿಗೆ ಹೂವೇ ಒಳ್ಳೆಯ ಗುರು.

ಊರು ಕಾಣದ ಹೂವು

ಇಷ್ಟೆಲ್ಲ ತಿಳಿದ ಮೇಲೆ ನಾಗಮಂಗಲದ ಕಡೆಯ ಒಂದು ಬದುವಿನಲ್ಲಿ ತಂಗಡಿಯ ಹಳದಿ ಹೂವನ್ನು ಕಪ್ಪು ಕಂಬಳಿಯ ಮುಂದೆ ತೆಗೆದೆವು. ಕಂಬಳಿ ಬೆಳಕನ್ನು ಹಿಂದಿರುಗಿಸುವುದಿಲ್ಲವಾದ್ದರಿಂದ ಹಿನ್ನೆಲೆ ಒಂದಿಷ್ಟೂ ಕಲೆಯಿಲ್ಲದೆ ಕಪ್ಪಾಗಿ ಬಂತು. ಎಸಳಿನ ಸುಕ್ಕು, ಬಾಗಿದ ಕೇಸರ ಎಲ್ಲವೂ ಸ್ಪಷ್ಟ. ತಾಯಿಯವರು ಗುರುತಿಸಿದರು. ಆದರೆ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು, “ತಂಗಡಿ ಸರಿ ಕಣವ್ವ. ಇದರ ಬದ ಎಲ್ಲಿ? ಕತ್ತಲೇಲಿ ಬಿಟ್ಟಂಗದೆ” ಎಂದು ಸೊಸೆಯ ಕೈಗೆ ಹಿಂದಿರುಗಿಸಿದರು.

ಆ ಮಾತು ನಮ್ಮನ್ನು ಹಲವು ದಿನ ಯೋಚನೆಗೆ ಹಚ್ಚಿತು. ಹೂವನ್ನು ಎಲ್ಲದರಿಂದಲೂ ಬೇರ್ಪಡಿಸಿದರೆ ಅದು ಸಸ್ಯಶಾಸ್ತ್ರದ ಪಾಠಕ್ಕೆ ಒದಗುತ್ತದೆ. ಅರವತ್ತು ವರ್ಷ ಅದೇ ಗಿಡದ ಬಳಿಗೆ ನಡೆದುಹೋದವರಿಗೆ ಹೂವಿನೊಂದಿಗೆ ಅದರ ಮಣ್ಣೂ, ಬೆಳಗೂ, ಆಚೆಯ ಗುಡ್ಡವೂ ಬೇಕಾಗಿರುತ್ತದೆ. ಎಲ್ಲವನ್ನೂ ಸೇರಿಸಿದರೆ ಹೂವು ಕಾಣದು. ಎಲ್ಲವನ್ನೂ ತೆಗೆದರೆ ಊರು ಕಾಣದು. ಹೂವನ್ನು ಮರೆಸದೆ ಊರನ್ನು ಸೂಚಿಸುವ ಹಿನ್ನೆಲೆ ಯಾವುದು ಎಂಬುದೇ ಅಂದಿನಿಂದ ನಮ್ಮ ಹುಡುಕಾಟವಾಯಿತು. ನಾಲ್ಕು ತಾಲ್ಲೂಕುಗಳೂ ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟವು.

ನಾಲ್ಕು ತಾಲ್ಲೂಕು, ನಾಲ್ಕು ಹಿನ್ನೆಲೆ

ಶ್ರೀರಂಗಪಟ್ಟಣದಲ್ಲಿ ದೊರೆಯುವ ಹಿನ್ನೆಲೆ ನೀರು. ಕಾವೇರಿಯ ದಂಡೆಯಲ್ಲಿ ಬೆಳಗಿನ ಓರೆಬಿಸಿಲು ಬಿದ್ದಾಗ, ದೂರದ ಅಲೆಗಳ ಹೊಳಪು ಮಸುಕಾಗಿ ದುಂಡು ದುಂಡಾದ ಬೆಳಕಿನ ಮಣಿಗಳಾಗುತ್ತವೆ. ಕಣಗಿಲೆಯ ಗುಲಾಬಿ ಬಣ್ಣಕ್ಕೆ ಇದು ಒಪ್ಪುತ್ತದೆ. ಬಿಳಿಯ ಹೂವಿಗೆ ಒಪ್ಪದು, ಏಕೆಂದರೆ ಮಣಿಗಳೂ ಬಿಳಿ, ಹೂವೂ ಬಿಳಿ. ಮಲ್ಲಿಗೆಗೆ ಅದರ ಎಲೆಯೇ ಸರಿ. ಭೌಗೋಳಿಕ ಗುರುತನ್ನು ಪಡೆದಿರುವ ಮೈಸೂರು ಮಲ್ಲಿಗೆಯನ್ನು ಮೈಸೂರಿನ ಸುತ್ತಲಲ್ಲದೆ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿಯೂ ಬೆಳೆಯುತ್ತಾರೆ. ಮೊಗ್ಗು ಬಿಡಿಸುವವರು ನಸುಕಿನಲ್ಲಿಯೇ ತೋಟಕ್ಕಿಳಿಯುವುದರಿಂದ ಛಾಯಾಗ್ರಾಹಕನೂ ಅವರೊಡನೆಯೇ ಏಳಬೇಕು.

ಇದೇ ಪಟ್ಟಣದ ದರಿಯಾ ದೌಲತ್ ನಮಗೆ ಇನ್ನೊಂದು ಪಾಠ ಹೇಳಿತು. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಅರಮನೆಯ ಹೊರಗೋಡೆಗಳ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿರುವುದು ಎಲ್ಲರಿಗೂ ತಿಳಿದದ್ದೇ. ಒಳಗಿನ ಗೋಡೆ, ಕಂಬ, ಮುಚ್ಚಿಗೆಗಳಲ್ಲಿ ಹೂಬಳ್ಳಿಗಳು ಎಳ್ಳಷ್ಟೂ ಜಾಗ ಬಿಡದೆ ಹರಡಿವೆ. ಅಲ್ಲಿ ಹೂವಿಗೆ ಹಿನ್ನೆಲೆಯೂ ಹೂವೇ. ಒಂದು ಹೂವನ್ನು ನೋಡಬೇಕೆಂಬ ಉದ್ದೇಶ ಅಲ್ಲಿಲ್ಲ, ಒಟ್ಟು ನೇಯ್ಗೆಯನ್ನು ನೋಡಬೇಕು. ಚೆಂಡುಹೂವಿನ ಹೊಲ, ಸೇವಂತಿಗೆಯ ರಾಶಿ ಮುಂತಾದವನ್ನು ತೆಗೆಯುವಾಗ ಈ ಮಾದರಿ ಅನುಕರಣೀಯ. ಚೌಕಟ್ಟನ್ನು ಅಂಚಿನಿಂದ ಅಂಚಿಗೆ ತುಂಬಬೇಕು, ಎಲ್ಲಿಯೂ ಕಿಂಡಿ ಬಿಡಬಾರದು.

ಪಾಂಡವಪುರದ ಹಿನ್ನೆಲೆ ಕಬ್ಬು ಮತ್ತು ಬಂಡೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದ ಮೇಲೆ ಈ ಸೀಮೆಯ ಬಯಲೆಲ್ಲ ಕಬ್ಬು, ಭತ್ತವಾಯಿತು. ಹತ್ತಿರದ ಕಬ್ಬಿನ ಗರಿಗಳು ಹೂವಿನ ಹಿಂದೆ ಗೀರು ಗೀರಾಗಿ ಬಂದು ಕಣ್ಣನ್ನು ಕೆಡಿಸುತ್ತವೆ. ಐವತ್ತು ಅಡಿ ಆಚೆಗಿನ ಕಬ್ಬಾದರೆ ತಿಳಿಹಸುರಿನ ಗೋಡೆಯಾಗುತ್ತದೆ. ಚಳಿಗಾಲದ ಸಂಜೆ ಕಬ್ಬಿನ ಸೂಲಂಗಿಯೇ ಒಂದು ವಿಷಯ. ಸೂರ್ಯ ಅದರ ಹಿಂದಿದ್ದರೆ ಒಂದೊಂದು ಎಳೆಯೂ ಬೆಳ್ಳಿಯಂತೆ ಹೊಳೆಯುತ್ತದೆ, ಹಿಂದೆ ನೆರಳುಗಟ್ಟಿದ ತೋಪಿದ್ದರೆ ಆ ಹೊಳಪು ಇಮ್ಮಡಿಸುತ್ತದೆ. ಕುಂತಿಬೆಟ್ಟದ ಜೋಡಿ ಬಂಡೆಗಳು ನಮಗೆ ತುಂಬ ನೆರವಾದವು. ಅವುಗಳ ಆಕಾರ ಎಷ್ಟು ಪರಿಚಿತವೆಂದರೆ ಎಷ್ಟೇ ಮಸುಕಾದರೂ ಈ ಭಾಗದವರು ಗುರುತಿಸುತ್ತಾರೆ. ಮುಂದೆ ಸ್ಪಷ್ಟವಾದ ಒಂದು ಎಕ್ಕದ ಗೊಂಚಲು, ಹಿಂದೆ ಬೂದುನೀಲಿಯಾಗಿ ಕರಗಿದ ಎರಡು ಗುಡ್ಡಗಳು. ಇಲ್ಲಿ ಅಪರ್ಚರನ್ನು ಎಫ್/2.8ಕ್ಕೆ ತೆರೆಯದೆ ಎಫ್/8ರ ಹತ್ತಿರ ಇರಿಸಿ, ಹೂವಿನಿಂದ ಎರಡಡಿ ಹಿಂದೆ ಸರಿದು ತೆಗೆದೆವು. ತೀರ ತೆರೆದರೆ ಬೆಟ್ಟ ಪೂರ್ತಿ ಅಳಿಸಿಹೋಗುತ್ತದೆ. ಇದೇ ತಾಲ್ಲೂಕಿನ ಮೇಲುಕೋಟೆಯ ಗುಡ್ಡಗಳಲ್ಲಿ ಮಳೆಗಾಲದಲ್ಲಿ ಅಗ್ನಿಶಿಖೆ ಅರಳುತ್ತದೆ. ಕೆಂಪು ಹಳದಿಯ ಎಸಳುಗಳು ಜ್ವಾಲೆಯಂತೆ ಮೇಲ್ಮುಖವಾಗಿರುವುದರಿಂದ ಅದರ ತಲೆಯ ಮೇಲೆ ಜಾಗ ಬಿಡಬೇಕು. ಮೋಡದ ಬೂದಿಬಣ್ಣ ಅದಕ್ಕೆ ತಕ್ಕ ಹಿನ್ನೆಲೆ. ಅದರ ಗೆಡ್ಡೆ ವಿಷಯುಕ್ತವಾದ್ದರಿಂದ ಮಕ್ಕಳಿಗೆ ಮುಟ್ಟಗೊಡಬಾರದು.

ಕೃಷ್ಣರಾಜಪೇಟೆಯಲ್ಲಿ ನಮಗೆ ದೊರೆತ ಗುರುಗಳು ಹೊಯ್ಸಳ ಶಿಲ್ಪಿಗಳು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಹದಿಮೂರನೆಯ ಶತಮಾನದ್ದು, ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯ ಅದಕ್ಕೂ ಹಿಂದಿನದು. ಹೊಸಹೊಳಲಿನ ಗೋಡೆಯ ಬಳ್ಳಿಯ ಪಟ್ಟಿಕೆಯನ್ನು ಹತ್ತಿರದಿಂದ ನೋಡಿರಿ. ಮೆದುವಾದ ಬಳಪದ ಕಲ್ಲಿನಲ್ಲಿ ಶಿಲ್ಪಿಯು ಎಲೆಯನ್ನೂ ಹೂವನ್ನೂ ಬಿಡಿಸಿ, ಅವುಗಳ ಹಿಂದಿನ ಕಲ್ಲನ್ನು ಆಳವಾಗಿ ಕೊರೆದು ತೆಗೆದಿದ್ದಾನೆ. ಆ ಕೊರೆದ ಕುಳಿಯಲ್ಲಿ ನೆರಳು ನಿಲ್ಲುತ್ತದೆ. ನೆರಳೇ ಹೂವಿಗೆ ಹಿನ್ನೆಲೆ. ಹೂವು, ಗೋಡೆ ಎರಡೂ ಒಂದೇ ಕಲ್ಲು, ಒಂದೇ ಬಣ್ಣ. ಹೀಗಿದ್ದೂ ಹೂವು ಎದ್ದುಬರುತ್ತದೆ. ಬಣ್ಣದ ವ್ಯತ್ಯಾಸವಿಲ್ಲದಿದ್ದರೂ ಬೆಳಕು ನೆರಳಿನ ವ್ಯತ್ಯಾಸವೊಂದೇ ಸಾಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಹಸುರುಬಣ್ಣದ ಹೂಗಳನ್ನು, ಎಲೆಗಳ ನಡುವಿನ ಬೇವಿನ ಹೂವನ್ನು ತೆಗೆಯುವಾಗ ನಾವು ಈ ಪಾಠವನ್ನೇ ಅನುಸರಿಸುತ್ತೇವೆ.

ನಾಗಮಂಗಲದ್ದು ಕೆಂಪುಮಣ್ಣು ಮತ್ತು ರಾಗಿ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂಬಿಟ್ಟಾಗ ಹಳದಿಯ ಹೂವಿನ ಹಿಂದೆ ಮಾಗುತ್ತಿರುವ ತೆನೆಗಳ ಕಂದುಬಣ್ಣ ಬರುತ್ತದೆ. ಬೇಸಿಗೆಯ ಮೊದಲಲ್ಲಿ ಎಲೆಯುದುರಿದ ಮುತ್ತುಗ ಕೆಂಡದಂತೆ ಹೂವಾದಾಗ ನೀಲಿಯ ಆಕಾಶವೇ ಸಾಕು. ತಂಗಡಿಯನ್ನು ನಾವು ಮತ್ತೆ ತೆಗೆದದ್ದು ಇಲ್ಲಿಯೇ. ಈ ಬಾರಿ ಕಂಬಳಿಯನ್ನು ಹಿಡಿಯಲಿಲ್ಲ. ನೆಲಕ್ಕೆ ಮೊಣಕೈಯೂರಿ, ಉತ್ತ ಹೊಲದ ಕೆಂಪು ಕೆಳಗಿನ ಮೂರನೆಯ ಒಂದು ಪಾಲಿಗೆ, ಅದರ ಮೇಲೆ ದೂರದ ತೆಂಗಿನ ಸಾಲಿನ ಕಪ್ಪುಹಸುರು ಉಳಿದೆರಡು ಪಾಲಿಗೆ ಬರುವಂತೆ ನೋಡಿಕೊಂಡೆವು. ಹೂವಿನ ತಲೆ ಆ ಕಪ್ಪುಹಸುರಿನ ಮೇಲೆ ಬಂತು, ತೊಟ್ಟು ಕೆಂಪಿನಿಂದ ಮೇಲೆದ್ದಿತು. ತಾಯಿಯವರು ಚಿತ್ರವನ್ನು ಓರೆಗಣ್ಣಿನಿಂದ ನೋಡಿ, “ಇದು ಮೇಗಲ ಹೊಲದ್ದು” ಎಂದರು. ಅದು ಅವರ ಹೊಲದ್ದಾಗಿರಲಿಲ್ಲ. ನಾವು ತಿದ್ದಲಿಲ್ಲ. ಆ ದಿನ ಅವರು ಮೇಗಲ ಹೊಲದ ವಿಷಯವಾಗಿ, ಅತ್ತೆಯವರೊಡನೆ ಅಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ವಿಷಯವಾಗಿ ಸಂಜೆಯವರೆಗೂ ಮಾತನಾಡಿದರು. ಕಣ್ಣು ಮಂದವಾದಂದಿನಿಂದ ಅವರು ಅಷ್ಟು ಹೊತ್ತು ಮಾತನಾಡಿದ್ದನ್ನು ನಾವು ಕೇಳಿರಲಿಲ್ಲ.

ಚೌಕಟ್ಟಿನೊಳಗಿನ ನಡೆನುಡಿ

ಹೂವನ್ನು ಚೌಕಟ್ಟಿನಲ್ಲಿ ಎಲ್ಲಿ ಕೂರಿಸಬೇಕು? ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಗೆರೆ ಎಳೆದು ಒಂಬತ್ತು ಮನೆ ಮಾಡಿಕೊಂಡು, ಗೆರೆಗಳು ಸೇರುವ ಜಾಗದಲ್ಲಿ ಹೂವಿನ ಕೇಂದ್ರವನ್ನಿಡುವುದು ರೂಢಿ. ಆದರೆ ನಾಗಲಿಂಗಪುಷ್ಪ, ತಾವರೆ ಮುಂತಾದ ಸುತ್ತಲೂ ಸಮವಾಗಿರುವ ಅಥವಾ ನಡುವೆಯೇ ಜೀವವಿರುವ ಹೂಗಳಿಗೆ ನಟ್ಟನಡುವೆಯೇ ಮರ್ಯಾದೆ. ಹೂವು ಒಂದು ಕಡೆಗೆ ಮುಖಮಾಡಿದ್ದರೆ ಆ ಕಡೆ ಹೆಚ್ಚು ಜಾಗ ಬಿಡಬೇಕು; ಮುಖದೆದುರಿಗೇ ಗೋಡೆ ಬಂದರೆ ಉಸಿರುಕಟ್ಟಿದಂತಾಗುತ್ತದೆ. ಎರಡು ಹೂಗಳು ಚೌಕಟ್ಟಿನಲ್ಲಿ ಜಗಳವಾಡುತ್ತವೆ, ಮೂರು ಹೂಗಳು ಸಂಸಾರ ಮಾಡುತ್ತವೆ. ಎರಡೇ ಇದ್ದಾಗ ಒಂದನ್ನು ಸ್ಪಷ್ಟವಾಗಿಯೂ ಇನ್ನೊಂದನ್ನು ಮಸುಕಾಗಿಯೂ ಇರಿಸಿದರೆ ಹಿರಿಯರು ಕಿರಿಯರೆಂಬ ಕ್ರಮ ಏರ್ಪಡುತ್ತದೆ.

ತೊಟ್ಟನ್ನು ಕತ್ತರಿಸಬೇಡಿ. ಒಂದಾದರೂ ಎಲೆ ಇರಲಿ. 1976ರಲ್ಲಿ ಸಲ್ಡಾನ ಮತ್ತು ನಿಕೋಲ್ಸನ್ ಅವರು ನಮ್ಮ ನೆರೆಯ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಮೇಲೆ ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಅಂತಹ ಗ್ರಂಥದ ನೆರವಿನಿಂದ ಗಿಡವನ್ನು ಗುರುತಿಸಲು ಎಲೆಯ ಜೋಡಣೆ, ತೊಟ್ಟು, ಪುಷ್ಪಪಾತ್ರೆ ಎಲ್ಲವೂ ಬೇಕು. ತಾಯಿಯವರಂತಹ ಹಳ್ಳಿಯ ಹಿರಿಯರೂ ಅಷ್ಟೇ, ಹೂವಿಗಿಂತ ಎಲೆಯಿಂದಲೇ ಗಿಡವನ್ನು ಬೇಗ ಹೇಳುತ್ತಾರೆ.

ಕೃತಕ ಹಿನ್ನೆಲೆಯ ಬಗೆಗೆ ಒಂದು ಮಾತು. ಮನೆಯಂಗಳದ ದಾಸವಾಳಕ್ಕೆ ಕಂಬಳಿಯನ್ನೋ ಬಣ್ಣದ ರಟ್ಟನ್ನೋ ಬಾಳೆಯೆಲೆಯನ್ನೋ ಹಿಡಿಯುವುದರಲ್ಲಿ ತಪ್ಪಿಲ್ಲ. ಆದರೆ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಸರ್ಗ ವಿಭಾಗಕ್ಕೆ ತೋಟದಲ್ಲಿ ಬೆಳೆಸಿದ ಗಿಡಗಳ ಚಿತ್ರಗಳು ಸಲ್ಲುವುದಿಲ್ಲ. ಚಿತ್ರ ಸಹಜವಾಗಿ ಕಾಣಬೇಕೆಂಬ ನಿಯಮವೂ ಉಂಟು. ಸ್ಪರ್ಧೆಗಿಂತ ಮುಖ್ಯವಾದದ್ದು ಗಿಡದ ಕ್ಷೇಮ. ಹಿನ್ನೆಲೆ ಹಸನಾಗಲೆಂದು ಸುತ್ತಲಿನ ಗಿಡಗಳನ್ನು ಕಿತ್ತೊಗೆಯುವವರನ್ನು ಕಂಡಿದ್ದೇವೆ. ಅಡ್ಡಬಂದ ಹುಲ್ಲನ್ನು ಕೈಯಿಂದ ಮೆಲ್ಲನೆ ಬಾಗಿಸಿ, ಚಿತ್ರವಾದ ಮೇಲೆ ಬಿಟ್ಟುಬಿಡಬೇಕು. ಆದಿಚುಂಚನಗಿರಿಯ ನವಿಲುಧಾಮ, ಮೇಲುಕೋಟೆಯ ವನ್ಯಧಾಮದಂತಹ ರಕ್ಷಿತ ತಾಣಗಳಲ್ಲಂತೂ ಒಂದು ಕಡ್ಡಿಯನ್ನೂ ಮುರಿಯಬಾರದು.

ನಾವು ಓಡಾಡುವ ಬದುಗಳಲ್ಲಿ ತುಂಬೆ ವರ್ಷ ವರ್ಷಕ್ಕೂ ವಿರಳವಾಗುತ್ತಿದೆ. ಬದುವಿನ ಹುಲ್ಲಿಗೂ ಕಳೆನಾಶಕ ಸಿಂಪಡಿಸುವ ಅಭ್ಯಾಸ ಬಂದಿದೆ. ಕುಡುಗೋಲು ಹಿಡಿಯುವ ಕೈಗಳು ಕಡಿಮೆಯಾಗಿವೆ. ರೈತರನ್ನು ದೂಷಿಸಿ ಫಲವಿಲ್ಲ. ಆದರೆ ಮನೆಗೊಂದು ಮೂಲೆಯಲ್ಲಿ, ಹೊಲಕ್ಕೊಂದು ಗಜದಷ್ಟು ಬದುವಿನಲ್ಲಿ ಔಷಧ ಸೋಕದಂತೆ ನೋಡಿಕೊಂಡರೆ ಪೂಜೆಗೂ ಹೂವು ದೊರೆಯುತ್ತದೆ, ಜೇನುಹುಳುವಿಗೂ ದೊರೆಯುತ್ತದೆ.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಇಂದು ಕ್ಯಾಮೆರಾ ಇಲ್ಲದ ಮನೆಯಿಲ್ಲ, ಮೊಬೈಲಿನ ರೂಪದಲ್ಲಿ ಎಲ್ಲರ ಕೈಯಲ್ಲಿಯೂ ಇದೆ. ನಿಮ್ಮ ಮನೆಯಲ್ಲಿಯೂ ಹಿರಿಯರೊಬ್ಬರು ಇರಬಹುದು. ನಡೆಯಲಾರದವರೋ, ಕಣ್ಣು ಮಂದವಾದವರೋ. ಅವರು ಹುಟ್ಟಿ ಬೆಳೆದ ಊರಿನ ಹತ್ತು ಹೂಗಳ ಹೆಸರನ್ನು ಕೇಳಿ ಬರೆದುಕೊಳ್ಳಿರಿ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದೊಂದಕ್ಕೂ ತಕ್ಕ ಹಿನ್ನೆಲೆಯನ್ನು ಹುಡುಕಿ ಚಿತ್ರ ತೆಗೆದು, ಹೊಳಪಿಲ್ಲದ ಕಾಗದದಲ್ಲಿ ದೊಡ್ಡದಾಗಿ ಅಚ್ಚುಹಾಕಿಸಿ ಅವರ ಕೈಗಿಡಿರಿ. ಚಿತ್ರದ ಬೆನ್ನಿಗೆ ಹೂವಿನ ಹೆಸರನ್ನೂ ಊರನ್ನೂ ಅವರು ಹೇಳಿದ ಮಾತನ್ನೂ ಬರೆದಿಡಿರಿ. ನಮ್ಮ ಮನೆಯ ಸಂಪುಟದಲ್ಲಿ ಈಗ ನಲವತ್ತೆರಡು ಹೂಗಳಾಗಿವೆ. ತಾಯಿಯವರು ಹೇಳಿದ ಪಟ್ಟಿಯಲ್ಲಿ ಇನ್ನೂ ಒಂಬತ್ತು ಉಳಿದಿವೆ. ಅವುಗಳಲ್ಲಿ ಮೂರು ಹೆಸರುಗಳನ್ನು ನಮ್ಮ ಸೀಮೆಯ ಬೇರೆ ಯಾರ ಬಾಯಲ್ಲಿಯೂ ನಾವು ಕೇಳಿಲ್ಲ. ಬರುವ ಮುಂಗಾರಿನಲ್ಲಿ ಅವನ್ನು ಹುಡುಕಿಕೊಂಡು ಹೊರಡಬೇಕೆಂದಿದ್ದೇವೆ.